ಮಸ್ಕಿಯ ಕಲ್ಲು, ಸೂಪರ್‌ಮ್ಯಾನ್ ಮತ್ತು ಸಣ್ಣ ಮಂದಿ

ಓದುವುದು ನಮ್ಮ ಕೇರಿಗಳಿಗೆ ತೀರಾ ಈಚೆಗೆ ಬಂದ ಕೆಲಸ. ಮುತ್ಯಾನ ಕಾಲಕ್ಕೆ ಅಕ್ಷರವೆಂದರೆ ಗೌಡರ ಮನೆಯ ಸಾಲದ ಲೆಕ್ಕ. ಅಪ್ಪನ ಕಾಲಕ್ಕೆ ಹೆಬ್ಬೆಟ್ಟಿನ ಪಕ್ಕದಲ್ಲಿ ಬೇರೆ ಯಾರೋ ಬರೆದ ಹೆಸರು. ಹಾಗಾಗಿ ಡಿಗ್ರಿ ಮುಗಿಸಿದ ನಮ್ಮಂಥವರಿಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುವ ಹಸಿವು ಇದ್ದೇ ಇರುತ್ತದೆ. ಇದು ಒಳ್ಳೆ ಪುಸ್ತಕ, ಇದು ಹಗುರ ಪುಸ್ತಕ ಎಂದು ಆರಿಸಿ ಕೊಡುವ ಮನೆತನ ನಮ್ಮದಲ್ಲ. ಈ ವರ್ಷ ನಾನು ಓದಿದ ರಾಶಿಯಲ್ಲಿ ಅಶೋಕನ ಮೇಲಿನ ಜನಪ್ರಿಯ ಚರಿತ್ರೆಗಳಿವೆ, ವಿಜಯನಗರದ ಯುದ್ಧಕಥನಗಳಿವೆ, ಹಳೆ ಪುಸ್ತಕದ ಗಾಡಿಯಿಂದ ತಂದ ಇಂದ್ರಜಾಲ ಕಾಮಿಕ್ಸ್ ಇವೆ, ಅಮರ ಚಿತ್ರಕಥೆಗಳಿವೆ, ಸೂಪರ್‌ಮ್ಯಾನ್‌ನ ಮೊದಲ ಕತೆಗಳ ಮರುಮುದ್ರಣವಿದೆ, 'ಭೀಮಾಯಣ' ಇದೆ.

ಚಳವಳಿಯ ಪತ್ರಿಕೆಯೊಳಗೆ ಪ್ಯಾಂಟಿನ ಮ್ಯಾಲೆ ಚಡ್ಡಿ ಹಾಕ್ಕೊಂಡಾವಗ ಏನು ಕೆಲಸ ಅಂತ ಗೆಳೆಯರು ನಗಬಹುದು. ಕೆಲಸ ಐತಿ. ಯಾಕಂದ್ರ ಈ ಎಲ್ಲ ಪುಸ್ತಕಗಳ ಬೆನ್ನೆಲುಬು ಒಂದೇ. ಒಬ್ಬ ದೊಡ್ಡವನು ಬರುತ್ತಾನೆ. ಅವನು ಕೆಡುಕನ್ನು ಬಡಿಯುತ್ತಾನೆ, ಇಲ್ಲವೆ ಯುದ್ಧ ಗೆಲ್ಲುತ್ತಾನೆ, ಇಲ್ಲವೆ ಮನಸ್ಸು ಬದಲಾಯಿಸಿಕೊಂಡು ಸಂತನಾಗುತ್ತಾನೆ. ಉಳಿದ ಮಂದಿ ಓಡುತ್ತಾರೆ, ಅಳುತ್ತಾರೆ, ಜೈಕಾರ ಹಾಕುತ್ತಾರೆ. ಆ ಉಳಿದ ಮಂದಿ ಯಾರು? ನಾವೇ. ಪುಸ್ತಕ ಹಿಡಿದಾಗ ನಮ್ಮ ಕಣ್ಣು ನಾಯಕನ ಮೇಲಿರುತ್ತದೆ, ನಮ್ಮ ಜಾಗ ಮಾತ್ರ ಚಿತ್ರದ ಮೂಲೆಯ ಗುಂಪಿನಲ್ಲಿರುತ್ತದೆ. ಇದನ್ನು ಪ್ರಶ್ನಿಸುವುದಕ್ಕೆ ದೂರದ ಸಿದ್ಧಾಂತ ತರಬೇಕಿಲ್ಲ. ಮಸ್ಕಿಯ ಗುಡ್ಡದಲ್ಲೇ ಅದಕ್ಕೊಂದು ಆಧಾರವಿದೆ, ಅದೂ ಒಬ್ಬ ರಾಜನ ಬಾಯಿಂದಲೇ ಬಂದದ್ದು.

ಮಸ್ಕಿ ಮೊದಲು ಲಿಂಗಸುಗೂರು ತಾಲೂಕಿನ ಊರು, ಈಗ ತಾನೇ ತಾಲೂಕು ಕೇಂದ್ರ. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರು ಇಲ್ಲಿಯ ಗುಡ್ಡದಲ್ಲಿ ಬ್ರಾಹ್ಮಿ ಅಕ್ಷರದ ಬರಹ ಕಂಡ. ಆಗ ಇದು ನಿಜಾಮನ ರಾಜ್ಯ. ಎಚ್. ಕೃಷ್ಣಶಾಸ್ತ್ರಿಗಳು ಆ ಬರಹವನ್ನು ಓದಿ ಅದೇ ವರ್ಷ ಹೈದರಾಬಾದ್ ಪುರಾತತ್ವ ಇಲಾಖೆಯ ಮಾಲೆಯಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲು, 1837ರಲ್ಲಿ, ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದುವ ದಾರಿ ಕಂಡುಕೊಂಡಿದ್ದ. ಆದರೆ ಸಿಕ್ಕ ಶಾಸನಗಳಲ್ಲೆಲ್ಲ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳೇ ಇದ್ದವು. ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಅದೇ ವರ್ಷ ಅಲ್ಲಿಯ ಪಾಳಿ ಗ್ರಂಥಗಳನ್ನು ನೋಡಿ, ಪ್ರಿಯದರ್ಶಿ ಎಂದರೆ ಅಶೋಕನೇ ಎಂದ. ಅದಕ್ಕೆ ಕಲ್ಲಿನ ಸಾಕ್ಷಿ ಸಿಕ್ಕಿದ್ದು 78 ವರ್ಷಗಳ ಮೇಲೆ, ನಮ್ಮ ಮಸ್ಕಿಯಲ್ಲಿ. ಇಲ್ಲಿ 'ಅಶೋಕ' ಎಂಬ ಹೆಸರೇ ಕೆತ್ತಿತ್ತು. ಆಮೇಲೆ ಮಧ್ಯಪ್ರದೇಶದ ಗುಜರಾ, ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಂಗಳಲ್ಲೂ ಆ ಹೆಸರು ಸಿಕ್ಕಿತು. ಮೊದಲು ಸಿಕ್ಕಿದ್ದು ಇಲ್ಲಿ.

ನಮ್ಮ ಪಠ್ಯಪುಸ್ತಕ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡು, ಎಲ್ಲವೂ ಇಲ್ಲಿಗೇ ನಿಲ್ಲುತ್ತವೆ. ಅಶೋಕನ ಹೆಸರಿರುವ ಶಾಸನ ಯಾವುದು? ಮಸ್ಕಿ. ಒಂದು ಅಂಕ. ಕಲ್ಲು ಏನು ಹೇಳ್ತದ ಅಂತ ಕೇಳೋರಿಲ್ಲ.

ಕಲ್ಲು ಹೇಳುವುದು ಇಷ್ಟು. ನಾನು ಬುದ್ಧನ ದಾರಿಗೆ ಬಂದು ಎರಡೂವರೆ ವರ್ಷದ ಮೇಲಾಯಿತು. ಸಂಘದ ಹತ್ತಿರ ಹೋಗಿ ಹೆಚ್ಚು ಶ್ರಮಿಸಿದೆ. ಜಂಬೂದ್ವೀಪದಲ್ಲಿ ಮೊದಲು ಬೆರೆಯದೆ ಇದ್ದ ದೇವತೆಗಳು ಈಗ ಬೆರೆತಿದ್ದಾರೆ. ಧಮ್ಮದಲ್ಲಿ ತೊಡಗಿದರೆ ಸಣ್ಣವನೂ ಇದನ್ನು ಪಡೆಯಬಹುದು. ದೊಡ್ಡವನಿಗೆ ಮಾತ್ರ ಇದು ದಕ್ಕುತ್ತದೆ ಎಂದು ತಿಳಿಯಬಾರದು. ಈ ಮಾತನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಬೇಕು. ದೇವತೆಗಳು ಬೆರೆತರು ಎಂಬುದರ ಅರ್ಥದ ಬಗ್ಗೆ ವಿದ್ವಾಂಸರು ಇನ್ನೂ ವಾದ ಮಾಡುತ್ತಾರೆ. ಸಣ್ಣವನ ಮಾತಿಗೆ ಅಂಥ ವಾದವೇನೂ ಬೇಕಿಲ್ಲ, ಅದು ನೇರವಾಗಿದೆ.

ಶಾಸನದ ಪ್ರಾಕೃತದಲ್ಲಿ ಸಣ್ಣವನಿಗೆ ಇರುವ ಪದ 'ಖುದಕ'. ಸಂಸ್ಕೃತದಲ್ಲಿ ಅದೇ 'ಕ್ಷುದ್ರಕ'. ನಮ್ಮ ಕನ್ನಡಕ್ಕೆ ಬಂದ 'ಕ್ಷುದ್ರ'ವೂ ಅದೇ ಬೇರಿನದು. ಈಗ ಈ ಪದಕ್ಕೆ ಏನು ಗತಿ ಬಂದಿದೆ ನೋಡಿ. ಕ್ಷುದ್ರ ಎಂದರೆ ನೀಚ, ಹೊಲಸು. ಪಂಡಿತರು ನಮ್ಮ ದುರುಗಮ್ಮ, ಮಾರೆಮ್ಮ, ಮಾತಂಗಿಯರನ್ನು 'ಕ್ಷುದ್ರ ದೇವತೆಗಳು' ಎಂದು ಪುಸ್ತಕದಲ್ಲಿ ಬರೆದರು. ನಾವೂ ಅದನ್ನೇ ಓದಿ ಪಾಸಾದೆವು. ಸುಮಾರು 2,250 ವರ್ಷದ ಹಿಂದೆ ಒಬ್ಬ ರಾಜ 'ಇವನೂ ಪಡೆಯಬಹುದು' ಎಂದು ಯಾರ ಕಡೆ ಕೈತೋರಿಸಿದನೋ, ಅವರನ್ನು ಕರೆದ ಪದವೇ ಬರಬರುತ್ತಾ ಬೈಗುಳವಾಯಿತು. ಪದಗಳಿಗೂ ಚರಿತ್ರೆ ಇದೆ ಗೆಳೆಯರೆ, ಆ ಚರಿತ್ರೆಯಲ್ಲೂ ಜಾತಿ ಇದೆ.

ಈ ಕಲ್ಲಿನ ಕತೆಯನ್ನು ನಮ್ಮವ್ವಗ ಹೇಳಿದೆ. ಆಕಿ ಕೇಳಿದ್ದು ಒಂದೇ ಮಾತು: "ರಾಜನ ಹೆಸರು ಇರ್ಲಿ ಬಿಡಪ್ಪಾ, ಬಿಸಿಲಾಗ ಕುಂತು ಉಳಿ ಹೊಡದಾನಲ್ಲ, ಅವನ ಹೆಸರು ಐತೇನು?"

ಮಸ್ಕಿಯಲ್ಲಿ ಇಲ್ಲ. ಆದರೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಬಿ.ಎಲ್. ರೈಸ್ 1892ರಲ್ಲಿ ಕಂಡ ಅಶೋಕನ ಶಾಸನಗಳ ಕೊನೆಗೆ ಒಬ್ಬ ಲಿಪಿಕಾರ ತನ್ನ ಹೆಸರು ಬರೆದಿದ್ದಾನೆ. ಅವನು ಚಪಡ. 'ಲಿಪಿಕಾರ' ಎಂಬ ತನ್ನ ಕಸುಬಿನ ಪದವನ್ನು ಅವನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆಯುವ ವಾಯವ್ಯ ಸೀಮೆಯ ಲಿಪಿಯಲ್ಲಿ ಬರೆದ. ಎಲ್ಲಿಂದಲೋ ಇಷ್ಟು ದೂರ ಬಂದ ಅಥವಾ ಅಲ್ಲಿಯ ವಿದ್ಯೆ ಕಲಿತ ಒಬ್ಬ ನೌಕರ, ರಾಜನ ಮಾತು ಮುಗಿದ ಮೇಲೆ ತನ್ನದೊಂದು ಗುರುತು ಬಿಟ್ಟು ಹೋದ. ಚರಿತ್ರೆಯ ಪುಸ್ತಕಗಳಲ್ಲಿ ಚಪಡನಿಗೆ ಒಂದು ಸಾಲು ಸಿಕ್ಕರೆ ಹೆಚ್ಚು.

ಈಗ ಜನಪ್ರಿಯ ಚರಿತ್ರೆಗೆ ಬರೋಣ. 1920ರಲ್ಲಿ ಎಚ್.ಜಿ. ವೆಲ್ಸ್ ಬರೆದ ಲೋಕಚರಿತ್ರೆ ಅಶೋಕನನ್ನು ಸಾವಿರಾರು ರಾಜರ ಮೇಲೆ ಎತ್ತಿ ಕೂರಿಸಿತು. ಅಲ್ಲಿಂದ ಈಚೆಗೆ ಬಂದ ಪುಸ್ತಕ, ಚಿತ್ರಕಥೆ, 2001ರ ಹಿಂದಿ ಸಿನೆಮಾದವರೆಗೆ ಎಲ್ಲರಿಗೂ ಬೇಕಾದದ್ದು ಕಳಿಂಗ ಮತ್ತು ಒಬ್ಬ ರಾಜನ ಕಣ್ಣೀರು. ಅವನ ಹದಿಮೂರನೆಯ ಬಂಡೆ ಶಾಸನವೇ ಲೆಕ್ಕ ಕೊಡುತ್ತದೆ: 1 ಲಕ್ಷ ಮಂದಿ ಕೊಲೆಯಾದರು, 1.5 ಲಕ್ಷ ಮಂದಿಯನ್ನು ನೆಲ ಬಿಡಿಸಿ ಸಾಗಿಸಲಾಯಿತು, ಅದರ ಎಷ್ಟೋ ಪಟ್ಟು ಮಂದಿ ಬೇರೆ ರೀತಿಯಲ್ಲಿ ಸತ್ತರು. ಸತ್ತವರ ಪಾಲಿಗೆ ಒಂದು ಅಂಕಿ, ಕೊಂದವನ ಪಾಲಿಗೆ ಇಡೀ ಪುಸ್ತಕ. ಸಾಗಿಸಿದ ಆ ಒಂದೂವರೆ ಲಕ್ಷ ಮಂದಿ ಎಲ್ಲಿ ಹೋದರು, ಯಾರ ಹೊಲದಲ್ಲಿ ದುಡಿದರು ಎಂದು ಯಾವ ಚಿತ್ರಕಥೆಯೂ ಬರೆಯಲಿಲ್ಲ. ಅಷ್ಟೇ ಅಲ್ಲ, ಪಶ್ಚಾತ್ತಾಪದ ಅದೇ ಶಾಸನದಲ್ಲಿ ಅಶೋಕ ಕಾಡಿನ ಜನರಿಗೆ ಎಚ್ಚರಿಕೆ ಕೊಡುತ್ತಾನೆ: ಮರುಗುತ್ತಿದ್ದೇನೆ ನಿಜ, ಆದರೂ ದಂಡಿಸುವ ಶಕ್ತಿ ನನಗಿದೆ. ಒಳ್ಳೆಯ ರಾಜನೂ ರಾಜನೇ. ಗದ್ಗದ ಕಂಠದ ಪುಸ್ತಕಗಳು ಈ ಸಾಲನ್ನು ಹಾರಿಸಿ ಮುಂದೆ ಹೋಗುತ್ತವೆ.

ಇದನ್ನು ಹೇಳಿದರೆ 'ಅಶೋಕನನ್ನೂ ಬಿಡೋದಿಲ್ಲೇನು?' ಎಂದು ನಮ್ಮವರೇ ಸಿಟ್ಟಾಗುತ್ತಾರೆ. ಅಶೋಕ ನಮಗೆ ಬೇಕು. ಬುದ್ಧನ ಹೆಸರು ಹೇಳಿ ಕಲ್ಲು ಕೆತ್ತಿಸಿದ ಅರಸನನ್ನು ಅಂಬೇಡ್ಕರ್ ಓದಿದ ಯಾರೂ ಮರೆಯಲಾರರು. ಆದರೆ ಅವನನ್ನು ಪೂಜಿಸುವುದಕ್ಕಲ್ಲ, ಅವನ ಮಾತನ್ನು ಅವನ ಮೇಲೂ ಹಿಡಿದು ನೋಡುವುದಕ್ಕೆ ಬೇಕು. ಸಣ್ಣವನೂ ಪಡೆಯಬಹುದು ಎಂದವನ ರಾಜ್ಯದಲ್ಲಿ ಕಾಡಿನ ಸಣ್ಣವನ ಗತಿ ಏನಾಗಿತ್ತು ಎಂದು ಕೇಳುವ ಹಕ್ಕನ್ನು ಆ ಕಲ್ಲೇ ನಮಗೆ ಕೊಟ್ಟಿದೆ.

ನಮ್ಮ ಎಡೆದೊರೆ ಸೀಮೆ, ಕೃಷ್ಣಾ ತುಂಗಭದ್ರೆಯರ ನಡುವಿನ ಈ ನೆಲ, ರಾಜರಿಗೆ ಜಗಳದ ಎಲುಬು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ರಾಜೇಂದ್ರ ಚೋಳನೂ ಚಾಲುಕ್ಯ ಜಯಸಿಂಹನೂ ಕಾದಾಡಿದ ಮುಶಂಗಿ ಈ ಮಸ್ಕಿಯೇ ಎನ್ನುತ್ತಾರೆ. 1406ರ ಸುಮಾರಿಗೆ ಮುದಗಲ್ಲಿನ ಅಕ್ಕಸಾಲಿಗನ ಮಗಳಿಗಾಗಿ ವಿಜಯನಗರಕ್ಕೂ ಬಹಮನಿಗೂ ಯುದ್ಧವಾಯಿತೆಂದು ಫೆರಿಸ್ತಾ ಬರೆದ. ಜನಪ್ರಿಯ ಪುಸ್ತಕಗಳಿಗೆ ಆ ಹುಡುಗಿಯ ರೂಪದ ಮೇಲೆ ಇರುವ ಆಸೆ, ಆ ಯುದ್ಧದಲ್ಲಿ ಸುಟ್ಟ ಹಳ್ಳಿಗಳ ಮೇಲಿಲ್ಲ. 1520ರಲ್ಲಿ ಕೃಷ್ಣದೇವರಾಯ ರಾಯಚೂರಿನ ಯುದ್ಧ ಗೆದ್ದ. ಇದನ್ನು ಬರೆದ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಆನೆ, ಕುದುರೆ, ಕಾಲಾಳುಗಳ ದೊಡ್ಡ ದೊಡ್ಡ ಲೆಕ್ಕ ಕೊಡುತ್ತಾನೆ. ರಾಬರ್ಟ್ ಸೆವೆಲ್ 1900ರಲ್ಲಿ ಅದನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ಮೇಲೆ ಎಲ್ಲ ವಿಜಯನಗರದ ಕಥನಗಳೂ ಅಲ್ಲಿಂದಲೇ ನೀರು ಕುಡಿದಿವೆ. ಆ ಲೆಕ್ಕದ ನಡುವೆ ಇನ್ನೊಂದು ಲೆಕ್ಕವಿದೆ: ಬಾಯಾರಿ ಯಾರೂ ಸಾಯಬಾರದೆಂದು ದಾರಿಯುದ್ದಕ್ಕೂ ತೊಗಲಿನ ಚೀಲದಲ್ಲಿ ನೀರು ಹಿಡಿದು ನಿಂತ 12,000 ಮಂದಿ.

ಈ ಸಾಲಿನ ಮೇಲೆ ನಾನು ಬಹಳ ಹೊತ್ತು ನಿಂತೆ. ಹನ್ನೆರಡು ಸಾವಿರ ಮಂದಿ! ಅವರ ಜಾತಿ ನೂನಿಜ್ ಬರೆದಿಲ್ಲ. ಆದರೆ ಆ ಚೀಲ ತೊಗಲಿನದು. ಸತ್ತ ದನದ ತೊಗಲನ್ನು ಯಾರೋ ಸುಲಿದಿದ್ದಾರೆ, ಯಾರೋ ಹದ ಮಾಡಿದ್ದಾರೆ, ಯಾರೋ ಹೊಲಿದಿದ್ದಾರೆ. ಯುದ್ಧದ ದಾರಿಯಲ್ಲಿ ಆ ಚೀಲದ ನೀರು ಇಡೀ ದಂಡಿನ ಗಂಟಲಿಗೆ ಇಳಿಯಿತು, ಮೈಲಿಗೆ ಆಗಲಿಲ್ಲ. ಊರಿಗೆ ಬಂದ ಮೇಲೆ ಅದೇ ಕೈ ಬಾವಿಯ ಹಗ್ಗ ಮುಟ್ಟಿದರೆ ಮೈಲಿಗೆ. ರಾಯಚೂರಿನ ಯುದ್ಧದ ಮೇಲೆ ಎಷ್ಟೋ ಪುಸ್ತಕಗಳು ಬಂದಿವೆ. ನೀರಿನವರ ಕಡೆಯಿಂದ ಆ ಯುದ್ಧವನ್ನು ಬರೆಯುವುದು ನಮ್ಮ ಪಾಲಿಗೆ ಉಳಿದಿದೆ.

ಇನ್ನು ಕಾಮಿಕ್ಸ್. ಇಂದ್ರಜಾಲ ಮಾಲೆ 1964ರಲ್ಲಿ ಶುರುವಾಗಿ 1990ರಲ್ಲಿ ನಿಂತಿತು, ಕನ್ನಡದಲ್ಲೂ ಬಂತು. ಅದರ ಮೊದಲ ನಾಯಕ ಫ್ಯಾಂಟಮ್. ಅಮೆರಿಕದ ಲೀ ಫಾಕ್ 1936ರಲ್ಲಿ ಹುಟ್ಟಿಸಿದ ಈ ಬಿಳಿಯ ವೀರ ಕಾಡಿನ ಗುಹೆಯಲ್ಲಿ ತಲೆಬುರುಡೆಯ ಸಿಂಹಾಸನದ ಮೇಲೆ ಕೂರುತ್ತಾನೆ. ಸುತ್ತಲೂ ಕಪ್ಪು ಜನ ಕಾವಲು. ಅವನಿಗೆ ಸಾವಿಲ್ಲವೆಂದು ಅವರು ನಂಬಿದ್ದಾರೆ. ಗುಟ್ಟೇನೆಂದರೆ 400 ವರ್ಷದಿಂದ ಅಪ್ಪ ಸತ್ತರೆ ಮಗ ಅದೇ ವೇಷ ತೊಡುತ್ತಾನೆ, ಈಗಿನವನು ಇಪ್ಪತ್ತೊಂದನೆಯವನು. ಇದು ನಮಗೆ ಹೊಸದೇನಲ್ಲ, ನಮ್ಮ ಊರ ಗೌಡಕಿಯೂ ಹೀಂಗs ನಡದದ್ದು. ಮುಖ ಬದಲಾಗ್ತದ, ಕಟ್ಟಿ ಬದಲಾಗೋದಿಲ್ಲ. ಆ ಕಾಡಿನ ಮೂಲ ಹೆಸರು ನಮ್ಮ ಬಂಗಾಳವನ್ನು ನೆನಪಿಸುತ್ತದೆಂದು ಭಾರತದ ಅಚ್ಚಿನಲ್ಲಿ ಅದನ್ನು 'ಡೆಂಕಾಲಿ' ಮಾಡಿದರು. ಊರಿನ ಹೆಸರು ತಿದ್ದಿದರು, ಬಿಳಿಯ ದೊರೆ ಕಪ್ಪು ಜನರನ್ನು ಕಾಯುವ ಕತೆ ಹಾಗೇ ಉಳಿಯಿತು.

ಸೂಪರ್‌ಮ್ಯಾನ್ ಮೊದಲು ಹಾಗಿರಲಿಲ್ಲ. ವಲಸೆ ಬಂದ ಯಹೂದಿ ಮನೆತನಗಳ ಇಬ್ಬರು ಹುಡುಗರು, ಜೆರ್ರಿ ಸೀಗಲ್ ಮತ್ತು ಜೋ ಶಸ್ಟರ್, ಅವನನ್ನು ಸೃಷ್ಟಿಸಿದರು. 1938ರಲ್ಲಿ ಅವನು ಅಚ್ಚಾದ ಮೂರನೆಯ ಸಂಚಿಕೆಯ ಕತೆ ನಡೆಯುವುದು ಗಣಿಯಲ್ಲಿ. ಗಣಿ ಕುಸಿದು ಒಬ್ಬ ಕಾರ್ಮಿಕ ಒಳಗೆ ಸಿಕ್ಕಿಬೀಳುತ್ತಾನೆ, ಜೀವ ಉಳಿದರೂ ಅವನ ಮೈ ಮುರಿಯುತ್ತದೆ. ಗಣಿ ಒಡೆಯ ಅದು ಕೂಲಿಯವನದೇ ತಪ್ಪು ಎಂದು ಕೈ ಝಾಡಿಸುತ್ತಾನೆ. ಆಗ ಸೂಪರ್‌ಮ್ಯಾನ್ ಗಣಿ ಕೂಲಿಯವನ ವೇಷ ಹಾಕಿ, ಮೋಜಿಗೆಂದು ಗಣಿಯೊಳಗೆ ಇಳಿದ ಒಡೆಯನನ್ನೂ ಅವನ ಶ್ರೀಮಂತ ನೆಂಟರನ್ನೂ ಒಳಗೇ ಸಿಕ್ಕಿಸಿಬಿಡುತ್ತಾನೆ. ಒಡೆಯ ಗುದ್ದಲಿ ಹಿಡಿಯುತ್ತಾನೆ, ಕೆಟ್ಟುಹೋದ ಎಚ್ಚರಿಕೆ ಗಂಟೆ ಹುಡುಕುತ್ತಾನೆ, ಬೆವರುತ್ತಾನೆ, ಕೊನೆಗೆ ಗಣಿಯನ್ನು ಸರಿಪಡಿಸುತ್ತೇನೆಂದು ಮಾತು ಕೊಡುತ್ತಾನೆ.

ಹಟ್ಟಿ ಗಣಿ ಮಸ್ಕಿಗೆ ದೂರವಲ್ಲ. ಈ ಸೀಮೆಯ ಎಷ್ಟೋ ಮನೆಗಳಲ್ಲಿ ಗಣಿಗೆ ಇಳಿದವರಿದ್ದಾರೆ. ಅವರಿಗೆ ಈ ಕತೆ ಓದಿ ಹೇಳಿದರೆ ಖುಷಿಪಡುತ್ತಾರೆ, ನನಗೂ ಖುಷಿಯಾಯಿತು. ಆದರೆ ಆ ಕತೆಯಲ್ಲಿ ಒಂದು ಕೊರತೆ ಇದೆ. ಉಳಿದ ಕೂಲಿಕಾರರು ಒಟ್ಟಿಗೆ ಸೇರಿ ಒಂದು ಮಾತೂ ಆಡುವುದಿಲ್ಲ. ಅವರ ಪರವಾಗಿ ಎಲ್ಲವನ್ನೂ ಆಕಾಶದಿಂದ ಬಂದವನೇ ಮಾಡುತ್ತಾನೆ. ಎರಡನೆಯ ಮಹಾಯುದ್ಧದ ಹೊತ್ತಿಗೆ ಆ ಸೂಪರ್‌ಮ್ಯಾನ್ ಕೂಡ ಒಡೆಯರ ಗೊಡವೆ ಬಿಟ್ಟು ಸರ್ಕಾರದ ಬಾವುಟ ಹಿಡಿದ. ಅವನನ್ನು ಹುಟ್ಟಿಸಿದ ಇಬ್ಬರು ಹುಡುಗರು 130 ಡಾಲರಿಗೆ ಹಕ್ಕು ಬರೆದುಕೊಟ್ಟಿದ್ದರು. ಮುಂದೆ ಹರಿದ ಹಣವೆಲ್ಲ ಕಂಪನಿಗೆ. 1975ರಲ್ಲಿ, ಬಹಿರಂಗ ಹೋರಾಟದ ಮೇಲೆ, ಅವರಿಗೆ ವರ್ಷಾಶನವೂ ಪುಸ್ತಕದ ಮೇಲೆ ಹೆಸರೂ ಸಿಕ್ಕಿತು. ತನ್ನನ್ನು ಬರೆದವರನ್ನೇ ಕಂಪನಿಯಿಂದ ಉಳಿಸಲು ಸೂಪರ್‌ಮ್ಯಾನ್‌ಗೆ ಆಗಲಿಲ್ಲ.

ನಿಜವಾದ ಗಣಿಯಲ್ಲಿ ಏನಾಯಿತು? ಕೋಲಾರದ ಚಿನ್ನದ ಗಣಿಗೆ ಉತ್ತರ ಆರ್ಕಾಟಿನ ಕಡೆಯಿಂದ ಬಂದ ಕೂಲಿಕಾರರಲ್ಲಿ ಬಹುಪಾಲು ದಲಿತರು. 1930ರಲ್ಲಿ ಬೆರಳಚ್ಚು ಒತ್ತಿಸಿ ತಮ್ಮನ್ನು ದಾಖಲೆ ಮಾಡುವ ಕ್ರಮದ ವಿರುದ್ಧ ಅವರು ಮುಷ್ಕರ ಹೂಡಿದರು. ಅದಕ್ಕೂ ಮೊದಲೇ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಅವರ ನಡುವೆ ಬುದ್ಧ ಬಂದಿದ್ದ. ಪಂಡಿತ ಅಯೋಥಿದಾಸರು 1898ರಲ್ಲಿ ಮದರಾಸಿನಲ್ಲಿ ಕಟ್ಟಿದ ಶಾಕ್ಯ ಬೌದ್ಧ ಸಂಘದ ಶಾಖೆ ಗಣಿಯ ಮಾರಿಕುಪ್ಪಂನಲ್ಲಿ ಬೇರು ಬಿಟ್ಟಿತ್ತು. ಈಗ ಮಸ್ಕಿಯ ಕಲ್ಲಿಗೆ ಮತ್ತೆ ಬನ್ನಿ. ಬೇರೆ ಕಡೆಯ ಶಾಸನಗಳು 'ಉಪಾಸಕ' ಎನ್ನುವ ಜಾಗದಲ್ಲಿ ಮಸ್ಕಿಯ ಕಲ್ಲು 'ಬುದ್ಧ ಶಾಕ್ಯ' ಎನ್ನುತ್ತದೆ. 1915ರಲ್ಲಿ ಚಿನ್ನ ಹುಡುಕುವ ಎಂಜಿನಿಯರಿಗೆ ಈ ಕಲ್ಲು ಸಿಗುವ ಹೊತ್ತಿಗೆ, ಚಿನ್ನ ಅಗೆಯುವ ಕೂಲಿಕಾರರು ಅದೇ ಶಾಕ್ಯ ಎಂಬ ಹೆಸರಿನಲ್ಲಿ ಸಂಘ ಕಟ್ಟಿಕೊಂಡಿದ್ದರು. ಯಾವ ಪುರಾತತ್ವ ಇಲಾಖೆಯೂ ಅವರಿಗೆ ಹೇಳಿರಲಿಲ್ಲ. ಸಣ್ಣವರು ಕಲ್ಲು ಓದದೆಯೂ ಕಲ್ಲಿನ ಮಾತಿಗೆ ಬಂದು ಮುಟ್ಟಿದ್ದರು.

ಕಾಮಿಕ್ಸಿನಲ್ಲಿ ಎಲ್ಲವೂ ಕಸ ಎಂದು ನಾನು ಹೇಳುವುದಿಲ್ಲ. 'ಬಾಲಮಂಗಳ'ದ ಡಿಂಗನನ್ನು ನೋಡಿ. ಮಲಯಾಳದಲ್ಲಿ ಡಿಂಕನ್ ಆಗಿ ಹುಟ್ಟಿ ಕನ್ನಡಕ್ಕೆ ಬಂದ ಅವನು ಒಂದು ಇಲಿ. ಹಳ್ಳಿ ಹುಡುಗರು ಅವನನ್ನು ಹಚ್ಚಿಕೊಂಡಿದ್ದಕ್ಕೆ ಕಾರಣವಿದೆ: ಎಲ್ಲರೂ ತುಳಿಯುವ ಪ್ರಾಣಿ ಎದ್ದು ನಿಂತರೆ ಸಣ್ಣ ಮಕ್ಕಳಿಗೆ ಎದೆ ಉಬ್ಬುತ್ತದೆ. ಕರಿಚಿರತೆಯ ಚರಿತ್ರೆಯೂ ಹೀಗೆ ಸ್ವಾರಸ್ಯದ್ದು. 1966ರ ಮಧ್ಯದಲ್ಲಿ ಸ್ಟಾನ್ ಲೀ ಮತ್ತು ಜಾಕ್ ಕರ್ಬಿ 'ಬ್ಲ್ಯಾಕ್ ಪ್ಯಾಂಥರ್' ಎಂಬ ಕಪ್ಪು ನಾಯಕನನ್ನು ಕಾಮಿಕ್ಸಿಗೆ ತಂದರು. ಅದೇ ವರ್ಷದ ಅಕ್ಟೋಬರಿನಲ್ಲಿ ಓಕ್ಲೆಂಡಿನಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಹುಟ್ಟಿತು. ಆ ಪಕ್ಷ ಚಿರತೆಯನ್ನು ಕಾಮಿಕ್ಸಿನಿಂದ ತೆಗೆದುಕೊಂಡದ್ದಲ್ಲ, ಅಲಬಾಮಾದಲ್ಲಿ ಮತದಾನದ ಹಕ್ಕಿಗಾಗಿ ಹೋರಾಡಿದ ಬಡ ಕಪ್ಪು ರೈತರ ಸಂಘಟನೆಯ ಗುರುತಿನಿಂದ ತೆಗೆದುಕೊಂಡಿತು. ಅಲ್ಲಿಂದ ಆ ಹೆಸರು 1972ರಲ್ಲಿ ಮುಂಬಯಿಗೆ ಬಂದು ದಲಿತ ಪ್ಯಾಂಥರ್ ಆಯಿತು. ಕಾಮಿಕ್ಸಿನ ಚಿರತೆ ಒಬ್ಬ ರಾಜ. ನಮ್ಮಲ್ಲಿಗೆ ಬಂದ ಚಿರತೆ ಒಂದು ಗುಂಪು, ಅದರಲ್ಲಿ ಕವಿಗಳಿದ್ದರು, ನಿರುದ್ಯೋಗಿಗಳಿದ್ದರು.

ಕೊನೆಗೆ ಬಾಬಾಸಾಹೇಬರು. ಅಮರ ಚಿತ್ರಕಥೆ 1979ರಲ್ಲಿ ಅವರ ಮೇಲೆ ಒಂದು ಪುಸ್ತಕ ತಂದಿತು. ರಾಜರು, ದೇವರುಗಳ ಸಾಲಿನಲ್ಲಿ ಅವರೂ ಬಂದರಲ್ಲ ಎಂದು ಸಂತೋಷಪಡುವವರಿದ್ದಾರೆ. ನನಗೆ ಭಯವಾಗುವುದು ಆ ಸಾಲಿನದೇ. ಒಂಟಿ ವೀರರ ಸಾಲಿಗೆ ಸೇರಿಸಿದೊಡನೆ ಅವರ ಹಿಂದಿದ್ದ ಜನ ಅಳಿಸಿಹೋಗುತ್ತಾರೆ. 1927ರ ಮಾರ್ಚ್ 20ರಂದು ಮಹಾಡಿನ ಚವದಾರ ಕೆರೆಗೆ ಬಾಬಾಸಾಹೇಬರು ಒಬ್ಬರೇ ಇಳಿಯಲಿಲ್ಲ, ಸಾವಿರಾರು ಜನ ಜೊತೆಗಿದ್ದರು. ನೀರು ಕುಡಿದು ಮರಳಿದ ಮೇಲೆ ಪೆಟ್ಟು ತಿಂದವರೂ ಆ ಜನವೇ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರೇ ಎಚ್ಚರಿಸಿದರು: ಧರ್ಮದಲ್ಲಿ ಭಕ್ತಿ ಇರಬಹುದು, ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ. ಅವರ ಫೋಟೋಕ್ಕೆ ಹಾರ ಹಾಕಿ ಈ ಮಾತು ಮರೆಯುವವರು ನಮ್ಮೊಳಗೂ ಇದ್ದಾರೆ.

2011ರಲ್ಲಿ ಬಂದ 'ಭೀಮಾಯಣ' ಈ ವಿಷಯದಲ್ಲಿ ಬೇರೆ ದಾರಿ ಹಿಡಿದಿದೆ. ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಎಂಬ ಗೋಂಡ ಕಲಾವಿದರು ಅದರ ಚಿತ್ರ ಬರೆದವರು. ಅವರು ಜನರನ್ನು ಚೌಕಾಕಾರದ ಡಬ್ಬಿಗಳಲ್ಲಿ ಕೂಡಿಹಾಕಲು ಒಪ್ಪಲಿಲ್ಲ. ಮೆದುಮಾತು ಹಕ್ಕಿಯ ಆಕಾರದಲ್ಲಿದೆ, ಜಾತಿವಿಷದ ಮಾತಿಗೆ ಚೇಳಿನ ಕೊಂಡಿ ಇದೆ. ನೀರು, ಮೀನು, ಮರ, ಮಂದಿ ಎಲ್ಲ ಒಂದರೊಳಗೊಂದು ಹೆಣೆದುಕೊಂಡಿವೆ. ಭೀಮನ ಬಾಯಾರಿಕೆ ಅಲ್ಲಿ ಒಬ್ಬನ ಬಾಯಾರಿಕೆಯಾಗಿ ಉಳಿಯುವುದಿಲ್ಲ.

ಕಲಬುರಗಿ ಜಿಲ್ಲೆಯ ಸನ್ನತಿಯ ಸಂಗತಿಯನ್ನೂ ಹೇಳಿಬಿಡಬೇಕು. 1980ರ ದಶಕದಲ್ಲಿ ಅಲ್ಲಿಯ ಕಾಳಿ ಗುಡಿಯ ಮಾಡು ಕುಸಿದಾಗ ದೇವಿಯ ಮೂರ್ತಿಯ ಕೆಳಗಿನ ಪೀಠ ಹೊರಬಿತ್ತು. ಅದು ಅಶೋಕನ ಶಾಸನದ ಹಾಸುಗಲ್ಲು. ಮೂರ್ತಿ ನಿಲ್ಲಿಸುವುದಕ್ಕೆ ಅಕ್ಷರಗಳ ನಡುವೆಯೇ ತೂತು ಕೊರೆದಿದ್ದರು. ಓದುವವರಿಲ್ಲದ ಅಕ್ಷರದ ಗತಿ ಇದು, ಅದರ ಮೇಲೆ ಯಾರು ಬೇಕಾದರೂ ಏನು ಬೇಕಾದರೂ ನಿಲ್ಲಿಸಬಹುದು.

ಆದ್ದರಿಂದ ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ, ಹಾಸ್ಟೆಲಿನ ಗೆಳೆಯರಿಗೆ ನನ್ನದೊಂದು ಮಾತು. ಹುಡುಗರ ಕೈಯಿಂದ ಕಾಮಿಕ್ಸ್ ಕಸಿಯಬೇಡಿ, ಜನಪ್ರಿಯ ಚರಿತ್ರೆಯನ್ನು ಗೇಲಿ ಮಾಡಬೇಡಿ. ಹಸಿದವನು ಮೊದಲು ಸಿಕ್ಕಿದ್ದನ್ನು ತಿನ್ನುತ್ತಾನೆ. ಆದರೆ ಪ್ರತಿ ಪುಸ್ತಕಕ್ಕೂ ಕೆಲವು ಪ್ರಶ್ನೆ ಕೇಳಲು ಕಲಿಸಿ. ಇದರಲ್ಲಿ ಹೆಸರಿರುವವರು ಯಾರು, ಹೆಸರಿಲ್ಲದವರು ಯಾರು? ನೀರು ಹೊತ್ತವರು ಯಾರು, ಕಲ್ಲು ಕೆತ್ತಿದವರು ಯಾರು? ಉಳಿಸಿದವನ ಮಾತು ಬಂತು, ಉಳಿದವರು ತಾವೇ ಏನು ಮಾಡಿದರು? ಉತ್ತರ ಪುಸ್ತಕದಲ್ಲಿ ಇಲ್ಲದಿದ್ದರೆ ಊರಿನಲ್ಲಿ ಹುಡುಕಲಿ. ತುಂಗಭದ್ರಾ ಎಡದಂಡೆ ಕಾಲುವೆ ತೋಡಿದವರು, ಹಟ್ಟಿಯ ಗಣಿಗೆ ಇಳಿದವರು, ಜೀತದ ಮನೆಯಿಂದ ಹೊರಬಿದ್ದವರು ಇನ್ನೂ ಕಟ್ಟೆಯ ಮೇಲೆ ಕೂತಿದ್ದಾರೆ. ಅವರು ಹೇಳಿದ್ದನ್ನು ಹುಡುಗರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ, ಹೆಸರು ಸಮೇತ.

ಸಣ್ಣವರಿಗೂ ದೊಡ್ಡವರಿಗೂ ಹೇಳಬೇಕು ಎಂದು ಮಸ್ಕಿಯ ಕಲ್ಲು ಅಪ್ಪಣೆ ಕೊಟ್ಟಿತ್ತು. ದೊಡ್ಡವರಿಗೆ ಹೇಳುವ ಕೆಲಸ ಬೇಕಾದಷ್ಟು ನಡೆದಿದೆ. ಸಣ್ಣವರಿಗೆ ಹೇಳುವ ಕೆಲಸ ಬಾಕಿ ಇದೆ. ಅದನ್ನು ಮಾಡಲು ಯಾರೂ ಹಾರಿಕೊಂಡು ಬರುವುದಿಲ್ಲ. ನಾವೇ ನಡಕೊಂತ ಹೋಗಬೇಕು.